ಕೊರಳಿಗೆ ವಕೀಲರ ಬ್ಯಾಂಡು ಕಟ್ಟಿಕೊಂಡು ರ‍್ಯಾಪ್ ಹಾಡಬಹುದಾ?

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು 'ಅಜ್ಜಿಮನೆ'. ಹುಟ್ಟುಹಬ್ಬದ ಕೇಕು, ಮಳೆ ಎಷ್ಟು ಬಂತು, ಅಡಿಕೆ ರೇಟು, ಇಷ್ಟೇ ಅಲ್ಲಿನ ವಿಷಯ. ಲಾ ಓದುತ್ತಿರುವ ಪುಟ್ಟಿಗೆ ರ‍್ಯಾಪ್ ಹಾಡುವ ಆಸೆ. ವಕೀಲಿಕೆ, ಹಾಡು, ಹೋರಾಟ ಮೂರೂ ಒಟ್ಟಿಗೆ ಆಗುತ್ತದೆ ಅನ್ನುವುದು ಅವಳ ವಾದ, ಆಗಲ್ಲ ಅನ್ನುವುದು ವಕೀಲ ಮಾವನದು. ಶನಿವಾರ ರಾತ್ರಿ ಅವಳು ಒಂದು ಲೇಖನ ಹಾಕಿದ ಮೇಲೆ ನಡೆದದ್ದು ಕೆಳಗಿದೆ. ಹೆಸರುಗಳು ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೇ ಇವೆ. ಚಿಕ್ಕಮ್ಮನ ಹೂವಿನ ಚಿತ್ರಗಳನ್ನು ಮಾತ್ರ ತೆಗೆದಿದ್ದೇನೆ.

ಪುಟ್ಟಿ ಲಾ ಕಾಲೇಜು: ಎಲ್ಲರೂ ಓದಿ ಪ್ಲೀಸ್. ಬ್ರಯಾನ್ ಬೇನ್ ಅಂತ. ಹಾರ್ವರ್ಡ್‌ನಲ್ಲಿ ಲಾ ಓದಿದವರು, ಹಿಪ್ ಹಾಪ್ ಕವಿ, ಜೈಲುಗಳಿಗೆ ಹೋಗಿ ಪಾಠ ಮಾಡುವ ಹೋರಾಟಗಾರ. ಮೂರೂ ಒಟ್ಟಿಗೆ ಆಗುತ್ತದೆ ಅಂತ ಆವತ್ತು ಹೇಳಿದ್ದೆ ಅಲ್ವಾ?

ವಕೀಲ ಮಾವ ಶಿವಮೊಗ್ಗ: ಓದಿದೆ. ಎಷ್ಟು ಕೇಸು ನಡೆಸಿದ್ದಾರೆ ಅಂತ ಎಲ್ಲೂ ಕಾಣಲಿಲ್ಲ. ಮೂರು ಅಂದೆ. ನನಗೆ ಸಿಕ್ಕಿದ್ದು ಎರಡೇ.

ಚಿಕ್ಕಮ್ಮ: ರ‍್ಯಾಪ್ ಅಂದರೆ ಆ ಬೈಗುಳದ ಹಾಡಾ?

ಪುಟ್ಟಿ ಲಾ ಕಾಲೇಜು: ಬೈಗುಳವೂ ಇರುತ್ತೆ ಚಿಕ್ಕಮ್ಮ, ಎಲ್ಲ ಅದೇ ಅಲ್ಲ. ಮಾವ, ಅವರ ಕಥೆ ಕೇಳಿ. 1999ರಲ್ಲಿ ಅವರಿನ್ನೂ ಲಾ ವಿದ್ಯಾರ್ಥಿ. ನ್ಯೂಯಾರ್ಕಿನ ಒಂದು ಕ್ಲಬ್ಬಿನ ಹೊರಗೆ ಬೇರೆ ಯಾರದೋ ಗಲಾಟೆ. ಪೊಲೀಸರು ಇವರನ್ನೂ, ತಮ್ಮನನ್ನೂ, ಕಸಿನ್‌ನನ್ನೂ ಹಿಡಿದು ರಾತ್ರಿಯಿಡೀ ಲಾಕಪ್ಪಿಗೆ ಹಾಕಿದರು. ತಪ್ಪು ಏನೂ ಇಲ್ಲ. ಕೆಲವು ತಿಂಗಳಾದ ಮೇಲೆ ಕೇಸು ವಜಾ ಆಯಿತು. ಆದರೆ ಅವರು ಸುಮ್ಮನಾಗಲಿಲ್ಲ. 2000ದಲ್ಲಿ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಬರೆದರು. ಹೇಗೆ ಗೊತ್ತಾ? ಅಮೆರಿಕ ಸಂವಿಧಾನದ ಮೊದಲ ಹತ್ತು ತಿದ್ದುಪಡಿ ಇವೆಯಲ್ಲ, ಹಕ್ಕುಗಳ ಪಟ್ಟಿ, ಅದನ್ನೇ ಕರಿಯರಿಗೆ ಬೀದಿಯಲ್ಲಿ ನಿಜವಾಗಿ ಏನು ಸಿಗುತ್ತದೋ ಹಾಗೆ ತಿರುಗಿಸಿ ಬರೆದರು. ಓದಿದ ಎಷ್ಟೋ ಜನ ತಮಗೂ ಹೀಗೇ ಆಗಿದೆ ಅಂತ ಪತ್ರ ಬರೆದರು. ಕಾನೂನು ಓದದವರಿಗೆ ಹೀಗೆ ಬರೆಯಲು ಬರುತ್ತಿತ್ತಾ?

ವಕೀಲ ಮಾವ ಶಿವಮೊಗ್ಗ: ಚೆನ್ನಾಗಿದೆ. ಆದರೆ ಕೇಸು ವಜಾ ಮಾಡಿದ್ದು ಯಾರು? ಕೋರ್ಟು. ಪತ್ರಿಕೆ ಅಲ್ಲ. ಇನ್ನೊಂದು ವಿಷಯ ನೀನು ಹೇಳಲಿಲ್ಲ, ಲೇಖನದಲ್ಲೇ ಇದೆ. 2002ರಲ್ಲಿ ಅದೇ ಮನುಷ್ಯನನ್ನು ಮತ್ತೆ ಒಳಗೆ ಹಾಕಿದರು. ಇವರ ಹೆಸರು ಕದ್ದವನು ಮಾಡಿದ್ದಕ್ಕೆ ಇವರು ಜೈಲಿನಲ್ಲಿ ಕೂತರು. ಅಷ್ಟು ಜನ ಓದಿದ ಬರಹ ಪೊಲೀಸರ ಒಂದು ವಾರಂಟನ್ನೂ ಅಲುಗಾಡಿಸಲಿಲ್ಲ.

(ಮಾವ ಪಾಟೀಸವಾಲು ಶುರು ಮಾಡಿದರೆ ಹೀಗೇ. ಎದುರಿನವರ ದಾಖಲೆಯನ್ನೇ ಮೊದಲು ಓದುತ್ತಾರೆ. ಲೇಖನವನ್ನು ಕೊನೆಯವರೆಗೆ ಓದಿದ್ದು ಗುಂಪಿನಲ್ಲಿ ಅವರೊಬ್ಬರೇ ಅನಿಸುತ್ತದೆ, ಪುಟ್ಟಿಯನ್ನು ಬಿಟ್ಟರೆ.)

ಪುಟ್ಟಿ ಲಾ ಕಾಲೇಜು: ಅದೆಲ್ಲ ಸೇರಿಯೇ ನಾಟಕ ಆಯಿತು ಮಾವ. 'ಲಿರಿಕ್ಸ್ ಫ್ರಮ್ ಲಾಕ್‌ಡೌನ್'. ಒಬ್ಬರೇ ಎಷ್ಟೋ ಪಾತ್ರ ಮಾಡುತ್ತಾರೆ. ಗಾಯಕ, ಹೋರಾಟಗಾರ ಹ್ಯಾರಿ ಬೆಲಫಾಂಟೆ ಅದಕ್ಕೆ ಬೆಂಬಲವಾಗಿ ನಿಂತರು. ಜೈಲುಗಳಲ್ಲೂ ಆಡಿದ್ದಾರೆ. ಅದರಲ್ಲಿ ಇನ್ನೊಬ್ಬರ ಕಥೆಯೂ ಇದೆ, ನ್ಯಾನನ್ ವಿಲಿಯಮ್ಸ್. 17ನೇ ವಯಸ್ಸಿನ ಪ್ರಕರಣಕ್ಕೆ ಟೆಕ್ಸಾಸ್‌ನಲ್ಲಿ ಗಲ್ಲು ಶಿಕ್ಷೆ ಆಗಿತ್ತು. ಇಬ್ಬರೂ ಬರೆದುಕೊಂಡ ಕಾಗದಗಳು, ಪದ್ಯಗಳು ವೇದಿಕೆ ಮೇಲೆ ಬರುತ್ತವೆ.

ವಕೀಲ ಮಾವ ಶಿವಮೊಗ್ಗ: ಆ ಹುಡುಗನ ಗಲ್ಲು ತಪ್ಪಿದ್ದು ಹೇಗೆ?

ಪುಟ್ಟಿ ಲಾ ಕಾಲೇಜು: 2005ರ ರೋಪರ್ ತೀರ್ಪು. 18 ತುಂಬುವ ಮೊದಲು ಮಾಡಿದ ಅಪರಾಧಕ್ಕೆ ಗಲ್ಲು ಕೂಡದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಜೀವಾವಧಿ ಆಯಿತು.

ವಕೀಲ ಮಾವ ಶಿವಮೊಗ್ಗ: ತೀರ್ಪು! ನಾನು ಇನ್ನೇನೂ ಹೇಳಬೇಕಾಗಿಲ್ಲ.

ಪುಟ್ಟಿ ಲಾ ಕಾಲೇಜು: ಹೇಳಬೇಕು. ಅದೇ ಕೋರ್ಟು 1989ರಲ್ಲಿ 16, 17ರ ಹುಡುಗರಿಗೆ ಗಲ್ಲು ಕೊಡಬಹುದು ಅಂದಿತ್ತು. 2005ರಲ್ಲಿ ಕೊಡಬಾರದು ಅಂದಿತು. ನಡುವೆ ಸಂವಿಧಾನದಲ್ಲಿ ಶಿಕ್ಷೆಯ ಬಗ್ಗೆ ಇರುವ ಒಂದು ಅಕ್ಷರವೂ ಬದಲಾಗಿಲ್ಲ. 5-4ರಲ್ಲಿ ಬಂದ ತೀರ್ಪು ಅದು. ಬಹುಮತದ ತೀರ್ಪಿನಲ್ಲಿ ಎಷ್ಟು ರಾಜ್ಯಗಳು ಈ ಶಿಕ್ಷೆಯನ್ನು ಬಿಟ್ಟಿವೆ ಅಂತ ಎಣಿಸಿದ್ದಾರೆ. 30. ಸಮಾಜದ ಸಭ್ಯತೆಯ ಅಳತೆ ಬದಲಾಗುತ್ತಾ ಹೋಗುತ್ತದೆ, ಅದನ್ನು ನೋಡಬೇಕು ಅನ್ನುವುದು ಅಲ್ಲಿನ ಕಾನೂನು. ಆ ಅಳತೆಯನ್ನು ಬದಲಾಯಿಸುವವರು ಯಾರು ಮಾವ? ವಕೀಲರು ಮಾತ್ರವಾ?

(ಇದಾದ ಮೇಲೆ ಮಾವನ ಹೆಸರಿನ ಕೆಳಗೆ 'ಟೈಪಿಂಗ್' ಅಂತ ಬಂದು ಹೋಗಿ ಮಾಡುತ್ತಿತ್ತು. ಅಷ್ಟರಲ್ಲಿ ದೊಡ್ಡಪ್ಪ ಬಂದರು.)

ದೊಡ್ಡಪ್ಪ ಮೇಷ್ಟ್ರು: ನಮ್ಮ ಕಾಲದಲ್ಲಿ ಇದನ್ನು ಯಾರೂ ವಿಚಿತ್ರ ಅನ್ನುತ್ತಿರಲಿಲ್ಲ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಶುರುವಾದಾಗ ಮೇಷ್ಟ್ರು, ಗುಮಾಸ್ತ, ವಕೀಲ ಎಲ್ಲರೂ ಕವಿಗಳೇ. ಸಿದ್ಧಲಿಂಗಯ್ಯ ಪ್ರಾಧ್ಯಾಪಕರು. ಅವರ ಹಾಡನ್ನು ಜನ ಮೆರವಣಿಗೆಯಲ್ಲಿ ತಮಟೆ ಬಡಿದು ಹಾಡಿದರು. ಆಮೇಲೆ ವಿಧಾನ ಪರಿಷತ್ತಿಗೂ ಹೋದರು. ತಮಟೆ ಬಿಟ್ಟು ಬೀಟ್ ಬಂದಿದೆ, ಅಷ್ಟೇ.

ವಕೀಲ ಮಾವ ಶಿವಮೊಗ್ಗ: ಭಾವ, ಮೇಷ್ಟ್ರಿಗೆ ತಿಂಗಳಿಗೆ ಸಂಬಳ ಬರುತ್ತದೆ. ಜೂನಿಯರ್ ವಕೀಲನಿಗೆ ಬರಲ್ಲ. ಕಕ್ಷಿದಾರ ಬರುವುದು ನಂಬಿಕೆಯ ಮೇಲೆ. ಮನೆ ಜಪ್ತಿಯ ನೋಟಿಸ್ ಹಿಡಿದುಕೊಂಡು ಬಂದವನು ಮೊಬೈಲಿನಲ್ಲಿ ತನ್ನ ವಕೀಲೆ ಕುಣಿಯುವುದನ್ನು ನೋಡಿದರೆ ಫೈಲು ವಾಪಸ್ ಕೇಳುತ್ತಾನೆ. ನಾನು ಕಂಡ ಊರಿನ ಮಾತು ಹೇಳುತ್ತಿದ್ದೇನೆ. ಪುಟ್ಟಿ, 1989ರ ಮಾತು ಒಪ್ಪಿದೆ. ಆದರೂ ಆ 30 ರಾಜ್ಯಗಳನ್ನು ರ‍್ಯಾಪ್ ಖಾತೆಗೆ ಜಮಾ ಮಾಡಬೇಡ.

ಪುಟ್ಟಿ ಲಾ ಕಾಲೇಜು: ಮಾಡಲ್ಲ 😄

ನ್ಯೂಜೆರ್ಸಿ ಅಣ್ಣ: ಈಗ ಎದ್ದೆ, ಇಲ್ಲಿ ಬೆಳಗ್ಗೆ. ಮಾವ, ನಿಮಗೆ ಬೇಕಾದ ಉದಾಹರಣೆ ನಮ್ಮ ಪಕ್ಕದ ರಾಜ್ಯದಲ್ಲೇ ಇದೆ. ಆಂಟೋನಿಯೊ ಡೆಲ್ಗಾಡೊ. ರೋಡ್ಸ್ ಸ್ಕಾಲರ್‌ಶಿಪ್ ಪಡೆದು ಆಕ್ಸ್‌ಫರ್ಡ್‌ನಲ್ಲಿ ಓದಿದರು, ಆಮೇಲೆ ಹಾರ್ವರ್ಡ್ ಲಾ. ಅಲ್ಲಿಂದ ಸೀದಾ ಲಾಸ್ ಏಂಜಲೀಸ್‌ಗೆ ಹೋಗಿ 'ಎಡಿ ದ ವಾಯ್ಸ್' ಅನ್ನುವ ಹೆಸರಿನಲ್ಲಿ ರ‍್ಯಾಪ್ ಆಲ್ಬಮ್ ಮಾಡಿದರು. ಆಮೇಲೆ ನ್ಯೂಯಾರ್ಕಿಗೆ ಬಂದು ದೊಡ್ಡ ಲಾ ಫರ್ಮ್‌ನಲ್ಲಿ ನಿಜವಾಗಿಯೂ ಕೇಸು ನಡೆಸಿದರು. 2018ರಲ್ಲಿ ಸಂಸತ್ತಿಗೆ ನಿಂತರು. ಬಿಳಿಯರೇ ಜಾಸ್ತಿ ಇರುವ ಹಳ್ಳಿಗಾಡಿನ ಕ್ಷೇತ್ರ. ಎದುರಾಳಿಗಳು ಟಿವಿ ಜಾಹೀರಾತಿನಲ್ಲಿ ಹಳೆಯ ಹಾಡಿನ ಸಾಲುಗಳನ್ನು ಹಾಕಿ 'ಇವನು ನಮ್ಮವನಾ?' ಅನ್ನುವ ಹಾಗೆ ಹೆದರಿಸಿದರು.

ಚಿಕ್ಕಮ್ಮ: ಸೋತರಾ?

ನ್ಯೂಜೆರ್ಸಿ ಅಣ್ಣ: ಗೆದ್ದರು. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಆದರು, ಅಂದರೆ ಗವರ್ನರ್ ನಂತರದ ಸ್ಥಾನ.

ವಕೀಲ ಮಾವ ಶಿವಮೊಗ್ಗ: ಇದು ಸರಿ. ಮೊದಲು ಹಾಡು, ಆಮೇಲೆ ವಕಾಲತ್ತು, ಆಮೇಲೆ ರಾಜಕೀಯ. ಒಂದು ಬಿಟ್ಟು ಇನ್ನೊಂದು. ಆದರೂ 12 ವರ್ಷ ಹಿಂದಿನ ಹಾಡು ಬೆನ್ನು ಬಿಡಲಿಲ್ಲ ನೋಡು.

ಪುಟ್ಟಿ ಲಾ ಕಾಲೇಜು: ಬಿಟ್ಟರೂ ಹಿಡಿಯುತ್ತಾರೆ ಅಂದ ಮೇಲೆ ಬಿಡುವುದು ಯಾಕೆ?

ನ್ಯೂಜೆರ್ಸಿ ಅಣ್ಣ: ಹಿಡಿಯುವುದು ಅಂದರೆ ಚುನಾವಣೆಯಲ್ಲಿ ಮಾತ್ರ ಅಲ್ಲ. ಇಲ್ಲಿ ಕೋರ್ಟಿನಲ್ಲಿ ರ‍್ಯಾಪ್ ಸಾಲುಗಳನ್ನೇ ಸಾಕ್ಷಿ ಅಂತ ಓದುತ್ತಾರೆ. ನಮ್ಮ ನ್ಯೂಜೆರ್ಸಿಯದೇ ಸ್ಕಿನ್ನರ್ ಕೇಸು. ಕೊಲೆ ಯತ್ನದ ಆರೋಪ. ಪ್ರಾಸಿಕ್ಯೂಟರ್ ಆರೋಪಿ ಬರೆದಿದ್ದ ಸಾಲುಗಳನ್ನು 13 ಪುಟ ಜೂರಿಗೆ ಓದಿಸಿದರು. ಎಷ್ಟೋ ಸಾಲುಗಳು ಘಟನೆಗೆ ತುಂಬಾ ಮೊದಲೇ ಬರೆದವು. ಶಿಕ್ಷೆ ಆಯಿತು, ಆಮೇಲೆ ರದ್ದಾಯಿತು. 2014ರಲ್ಲಿ ರಾಜ್ಯದ ಸುಪ್ರೀಂ ಕೋರ್ಟೂ ರದ್ದತಿಯನ್ನೇ ಎತ್ತಿಹಿಡಿಯಿತು. ಶೆರಿಫ್‌ಗೆ ಗುಂಡು ಹೊಡೆದೆ ಅಂತ ಹಾಡಿದ ಬಾಬ್ ಮಾರ್ಲಿ ನಿಜಕ್ಕೂ ಹೊಡೆದಿದ್ದಾರೆ ಅಂತ ಯಾರೂ ತಿಳಿಯುವುದಿಲ್ಲ ಅಂತ ಕೋರ್ಟೇ ಬರೆದಿದೆ.

ವಕೀಲ ಮಾವ ಶಿವಮೊಗ್ಗ: 13 ಪುಟ ಓದುವವರೆಗೆ ಡಿಫೆನ್ಸ್ ವಕೀಲ ಏನು ಮಾಡುತ್ತಿದ್ದ? ಆ ತೀರ್ಪಿನ ಪ್ರತಿ ಕಳಿಸು.

(ರಾತ್ರಿ ಹತ್ತೂವರೆಗೆ ಮಾವ ತೀರ್ಪು ಓದಲು ಕೇಳಿದ್ದು! ಸಾಕ್ಷ್ಯ ಅಂದರೆ ಅವರಿಗೆ ಊಟ ಬೇಡ.)

ಪುಟ್ಟಿ ಲಾ ಕಾಲೇಜು: ಕ್ಯಾಲಿಫೋರ್ನಿಯಾದಲ್ಲಿ 2022ರಲ್ಲಿ ಇದಕ್ಕೇ ಕಾನೂನು ತಂದರು ಮಾವ. ಹಾಡು, ಕವಿತೆಯನ್ನು ಸಾಕ್ಷಿ ಮಾಡುವ ಮೊದಲು ಜಡ್ಜ್ ಅಳೆದು ನೋಡಬೇಕು. ನಮ್ಮಲ್ಲೂ ಪದ್ಯದ ಮೇಲೆ ಕೇಸು ಆಗಿದೆ. ಕವಿ ಇಮ್ರಾನ್ ಪ್ರತಾಪ್‌ಗಢಿ ಕೇಸು. ಒಂದು ವಿಡಿಯೋದ ಹಿನ್ನೆಲೆಯಲ್ಲಿ ಇದ್ದ ಪದ್ಯಕ್ಕೆ ಗುಜರಾತಿನಲ್ಲಿ ಎಫ್‌ಐಆರ್. ಹೈಕೋರ್ಟ್ ರದ್ದು ಮಾಡಲ್ಲ ಅಂದಿತು. 2025ರ ಮಾರ್ಚ್ 28ಕ್ಕೆ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕವಿತೆಗೂ ವಕೀಲರು ಬೇಕು. ಅದಕ್ಕೇ ಎರಡೂ ಗೊತ್ತಿರುವವರು ಇರಬೇಕು ಅನ್ನುವುದು ನನ್ನ ವಾದ.

ವಕೀಲ ಮಾವ ಶಿವಮೊಗ್ಗ: ವಾದ ಸರಿ. ಆದರೆ ವಕೀಲರಿಗೆ ಬಾರ್ ಕೌನ್ಸಿಲ್ ನಿಯಮ 49 ಇದೆ. ವಕೀಲಿಕೆಯ ಸನ್ನದು ಇಟ್ಟುಕೊಂಡು ಬೇರೆ ಉದ್ಯೋಗ ಮಾಡುವ ಹಾಗಿಲ್ಲ.

ಪುಟ್ಟಿ ಲಾ ಕಾಲೇಜು: 49 ಹೇಳುವುದು ಪೂರ್ತಿ ಸಂಬಳದ ನೌಕರಿ ಬಗ್ಗೆ. 47 ವ್ಯಾಪಾರದ ಬಗ್ಗೆ. ಕಾಲೇಜು ಫೆಸ್ಟ್‌ನಲ್ಲಿ ಹಾಡುವುದು ಎರಡೂ ಅಲ್ಲ. 51ರಲ್ಲಿ ಪ್ರಸಾರ, ಪತ್ರಿಕೆ, ಭಾಷಣ, ಪಾಠ ಎಲ್ಲಕ್ಕೂ ಅವಕಾಶ ಇದೆ. ಅಲ್ಲದೆ ನನಗಿನ್ನೂ ಸನ್ನದೇ ಸಿಕ್ಕಿಲ್ಲ!

ವಕೀಲ ಮಾವ ಶಿವಮೊಗ್ಗ: 51ನ್ನು ಪೂರ್ತಿ ಓದು. ಜಾಹೀರಾತಿನ ನಿಯಮಕ್ಕೆ ಒಳಪಟ್ಟು ಅಂತ ಇದೆ. ಅದು 36. ನಾಳೆ ವಿಡಿಯೋ ಕೆಳಗೆ ಅಡ್ವೊಕೇಟ್ ಅಂತ ಹೆಸರು, ಫೋನ್ ನಂಬರ್ ಹಾಕಿದರೆ ತೊಂದರೆ. ಬ್ಯಾಂಡು, ಗೌನು ಹಾಕಿಕೊಂಡು ಹಾಡುವ ಹಾಗೂ ಇಲ್ಲ. ಕೋರ್ಟಿನ ಹೊರಗೆ ಸಾರ್ವಜನಿಕ ಜಾಗದಲ್ಲಿ ಅವನ್ನು ಹಾಕಬಾರದು.

ಪುಟ್ಟಿ ಲಾ ಕಾಲೇಜು: ಹೂಡಿ ಜಾಕೆಟ್ ಹಾಕಿಕೊಂಡು ಹಾಡುತ್ತೇನೆ.

ಚಿಕ್ಕಮ್ಮ: ಅಂದರೆ ನೀನು ಹಾಡ್ತೀಯಾ?? ಯಾವಾಗ?

ನಾನು: ಚಿಕ್ಕಮ್ಮ, ಇಷ್ಟು ಹೊತ್ತು ಮಾತಾಡಿದ್ದು ಅದನ್ನೇ.

ದೊಡ್ಡಪ್ಪ ಮೇಷ್ಟ್ರು: ಯಾವುದರ ಮೇಲೆ ಬರೆದಿದ್ದೀಯಾ ಮಗಳೇ?

ಪುಟ್ಟಿ ಲಾ ಕಾಲೇಜು: ಬೀದಿ ವ್ಯಾಪಾರಿಗಳ ಮೇಲೆ ದೊಡ್ಡಪ್ಪ. ನಮ್ಮ ಹಾಸ್ಟೆಲ್ ಎದುರು ತಳ್ಳುಗಾಡಿಯವರನ್ನು ಎಬ್ಬಿಸಿದರು. 2014ರ ಕಾಯ್ದೆ ಪ್ರಕಾರ ಸರ್ವೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸುವ ಹಾಗಿಲ್ಲ. ಸೆಕ್ಷನ್ 3(3). ಅದನ್ನೇ ಪಲ್ಲವಿ ಮಾಡಿದ್ದೇನೆ.

ವಕೀಲ ಮಾವ ಶಿವಮೊಗ್ಗ: ಸೆಕ್ಷನ್ ನಂಬರ್ ಪಲ್ಲವಿಯಲ್ಲಾ?

ಪುಟ್ಟಿ ಲಾ ಕಾಲೇಜು: 'ಮೂರರ ಮೂರು' ಅಂತ ಬೀಟ್‌ಗೆ ಚೆನ್ನಾಗಿ ಕೂರುತ್ತೆ ಮಾವ. ತಳ್ಳುಗಾಡಿಯವರು ಕೇಳಿ ಕೇಳಿ ಬಾಯಿಪಾಠ ಮಾಡಿದ್ದಾರೆ. ಮೊನ್ನೆ ಗಾಡಿ ಹಿಡಿಯಲು ಬಂದವರಿಗೆ ಒಬ್ಬ ಅಜ್ಜಿ ಅದನ್ನೇ ಹೇಳಿದರಂತೆ.

ವಕೀಲ ಮಾವ ಶಿವಮೊಗ್ಗ: ಗಾಡಿ ಬಿಟ್ಟರಾ?

ಪುಟ್ಟಿ ಲಾ ಕಾಲೇಜು: ಆವತ್ತು ಬಿಟ್ಟರು. ಮಾರನೇ ದಿನ ಮತ್ತೆ ಬಂದರು.

ವಕೀಲ ಮಾವ ಶಿವಮೊಗ್ಗ: ಹ್ಞೂಂ. ಹಾಡಿನಲ್ಲಿ ಯಾರದಾದರೂ ಹೆಸರು ಇದೆಯಾ?

ಪುಟ್ಟಿ ಲಾ ಕಾಲೇಜು: ಒಬ್ಬ ಅಧಿಕಾರಿಯದು ಇದೆ. ತೆಗೆಯಲ್ಲ. ನಿಜ ಅದು.

ವಕೀಲ ಮಾವ ಶಿವಮೊಗ್ಗ: ಕ್ರಿಮಿನಲ್ ಮಾನಹಾನಿ ಕೇಸಿನಲ್ಲಿ ನಿಜ ಅಂದರೆ ಸಾಲದು. ಸಾರ್ವಜನಿಕ ಹಿತಕ್ಕೆ ಹೇಳಿದೆ ಅಂತಲೂ ತೋರಿಸಬೇಕು. ನಿಜ ಅನ್ನುವುದಕ್ಕೂ ಕಾಗದ ಬೇಕು. ಸರ್ವೆ ಆಗಿಲ್ಲ ಅನ್ನುವುದಕ್ಕೆ ನಿನ್ನ ಹತ್ತಿರ ಏನಿದೆ?

ಪುಟ್ಟಿ ಲಾ ಕಾಲೇಜು: ಆರ್‌ಟಿಐ ಹಾಕಿದ್ದೇನೆ. ಉತ್ತರ ಬಂದಿಲ್ಲ.

ವಕೀಲ ಮಾವ ಶಿವಮೊಗ್ಗ: 30 ದಿನ ಆಯಿತಾ?

ಪುಟ್ಟಿ ಲಾ ಕಾಲೇಜು: ಮುಂದಿನ ಬುಧವಾರಕ್ಕೆ ಆಗುತ್ತೆ.

ವಕೀಲ ಮಾವ ಶಿವಮೊಗ್ಗ: ಗುರುವಾರ ಮೊದಲನೇ ಅಪೀಲು ಹಾಕು, ಡ್ರಾಫ್ಟ್ ನಾನು ನೋಡುತ್ತೇನೆ. ಹಾಡಿನ ಸಾಹಿತ್ಯವನ್ನೂ ಕಳಿಸು. ಇಲ್ಲಿ ಬೇಡ, ನನ್ನ ನಂಬರಿಗೆ. ಫೆಸ್ಟ್ ಯಾವತ್ತು?