ದಡಾರ: ದದ್ದು ಏಳುವ ಮೊದಲೇ ಹರಡುತ್ತದೆಯೇ?

ಪ್ರಶ್ನೆ (ಸಿಂಧನೂರಿನಿಂದ):
ಪಕ್ಕದ ಮನೆಯ ಆರು ವರ್ಷದ ಹುಡುಗನಿಗೆ ದಡಾರವೆಂದು ವೈದ್ಯರು ಇಂದು ಹೇಳಿದ್ದಾರೆ. ಮೊನ್ನೆ ಸಂಜೆ ಬರೀ ನೆಗಡಿಯಿದ್ದ ಅವನು ನಮ್ಮ ಪಡಸಾಲೆಯಲ್ಲಿ ಕುಳಿತು, ನನ್ನ ಎಂಟು ತಿಂಗಳ ಮಗಳಿಗೆ ಗಿಲಕಿ ಆಡಿಸುತ್ತಾ ಕೆಮ್ಮುತ್ತಿದ್ದನು. ಆಗ ಮೈಮೇಲೆ ಒಂದು ದದ್ದೂ ಇರಲಿಲ್ಲ. ಸೋಂಕು ತಗಲಿರಬಹುದೇ?

ಉತ್ತರ 1 (ಗಂಗಾವತಿ):
ಖಂಡಿತ ತಗಲಿರಬಹುದು. ದದ್ದು ಕಾಣುವ 4 ದಿನ ಮೊದಲಿನಿಂದ ಕಂಡ ನಂತರದ 4 ದಿನಗಳವರೆಗೆ ರೋಗಿಯಿಂದ ಸೋಂಕು ಹರಡುತ್ತದೆ. ಕೆಮ್ಮು, ಸೀನಿನೊಂದಿಗೆ ಹೊರಬಿದ್ದ ವೈರಾಣು, ಆತ ಎದ್ದುಹೋದ ಮೇಲೂ ಕೋಣೆಯ ಗಾಳಿಯಲ್ಲಿ 2 ಗಂಟೆಯವರೆಗೆ ಉಳಿಯಬಲ್ಲದು. ರಕ್ಷಣೆಯಿಲ್ಲದ 10 ಜನ ಹತ್ತಿರವಿದ್ದರೆ ಸುಮಾರು 9 ಮಂದಿಗೆ ತಗಲುತ್ತದೆ. ನಮ್ಮಲ್ಲಿ ಮೊದಲ ಲಸಿಕೆ ಹಾಕುವುದೇ 9 ತಿಂಗಳು ತುಂಬಿದ ಮೇಲೆ. ಆದರೆ ಸಂಪರ್ಕವಾದ 72 ಗಂಟೆಯೊಳಗೆ, 6 ತಿಂಗಳು ದಾಟಿದ ಮಗುವಿಗೂ ವೈದ್ಯರು ಲಸಿಕೆ ಕೊಡಬಹುದು. ಆದ್ದರಿಂದ ನಾಳೆಗೆ ದೂಡಬೇಡಿ. ಹೋಗುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿರಿ.

ಉತ್ತರ 2 (ಕುಷ್ಟಗಿ):
ನನ್ನ ಮಗನಿಗೆ ಬಂದಾಗ ಮೊದಲು ಜೋರು ಜ್ವರ, ಒಣ ಕೆಮ್ಮು, ನೀರು ಸುರಿಯುವ ಕೆಂಪು ಕಣ್ಣು. ಬೆಳಕು ತಾಳದೆ ಮುಖವನ್ನು ಗೋಡೆಯ ಕಡೆ ತಿರುಗಿಸಿ ಮಲಗುತ್ತಿದ್ದನು. ಕೆನ್ನೆಯ ಒಳಗೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳಿದ್ದವು. ಆಮೇಲೆ ಕಿವಿಯ ಹಿಂದಿನಿಂದ ದದ್ದು ಇಳಿಯಿತು. ಹಿರಿಯರು ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪು ಕಟ್ಟಿದರು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ವೈದ್ಯರು ಬರೆದ ಎ ಜೀವಸತ್ವದ ಡೋಸ್ ತಪ್ಪಿಸಲಿಲ್ಲ.

ಪ್ರಶ್ನೆ ಕೇಳಿದವರು:
ಈಗಲೇ ಹೊರಟಿದ್ದೇವೆ. ಲಸಿಕೆ ಕೊಟ್ಟರೂ ಎಷ್ಟು ದಿನ ಗಮನಿಸಬೇಕು?

ಉತ್ತರ 1:
ಮೂರು ವಾರ. ಜ್ವರ ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಉಸಿರಾಟ ಏದುಸಿರಾದರೆ, ಹಾಲು ಕುಡಿಯದಿದ್ದರೆ ಕೂಡಲೇ ತೋರಿಸಿರಿ.