ಅಪ್‌ಡೇಟ್: ಹಳೆಯ ಮೋಟಾರ್ ದೋಣಿಯ ಹಿಂಬದಿ ಹಲಗೆಯನ್ನು ಬದಲಾಯಿಸಿದ್ದೇನೆ

ಬೀದರಿನ ನಮ್ಮ ಅಂಗಳದಲ್ಲಿ ವರ್ಷಗಟ್ಟಲೆ ಮಳೆಬಿಸಿಲಿಗೆ ಬಿದ್ದಿದ್ದ ಫೈಬರ್ ದೋಣಿಯಲ್ಲಿ ಎಂಜಿನ್ ಕೂರುವ ಹಿಂಬದಿ ಹಲಗೆಯನ್ನು ಮೇಲೆ ಲೇಪ ಹಚ್ಚಿ ಉಳಿಸಬಹುದೇ ಎಂದು ಕೇಳಿದ್ದೆ. ಮೊದಲು ಕೊರೆದು ನೋಡಿ ಎಂದ ಹಿರಿಯರಿಗೆ ನಾನು ಋಣಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಸದ್ದು ಮಂದವಾಗಿದ್ದ ಕಡೆ ಕೊರೆದರೆ ಕಪ್ಪಾದ, ಒದ್ದೆಯಾದ ಪುಡಿ ಬಂತು. ಬೋಲ್ಟ್ ರಂಧ್ರಗಳಿಂದ ಇಳಿದ ನೀರು ಒಳಗಿನ ಪ್ಲೈವುಡ್ಡನ್ನು ಕೊಳೆಸಿತ್ತು.

ಒಳಪದರವನ್ನು ಕತ್ತರಿಸಿ, ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದು, ಮರೈನ್ ಪ್ಲೈವುಡ್ಡಿನ (ನೀರು ತಾಳುವ ಅಂಟಿನಿಂದ ಮಾಡಿದ ಪ್ಲೈವುಡ್) ಎರಡು ಹಲಗೆಗಳನ್ನು ಎಪಾಕ್ಸಿಯಿಂದ (ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟು) ಬೆಸೆದು ಕೂರಿಸಿದ್ದೇನೆ. ಪಾಲಿಯೆಸ್ಟರ್ ರೆಸಿನ್ ಅಗ್ಗವಾದರೂ ಮರಕ್ಕೆ ಎಪಾಕ್ಸಿಯಷ್ಟು ಬಿಗಿಯಾಗಿ ಅಂಟುವುದಿಲ್ಲವಾದ್ದರಿಂದ ಇಲ್ಲಿ ಹಣ ಉಳಿಸಬಾರದೆಂಬುದು ನನ್ನ ದೃಢ ಅಭಿಪ್ರಾಯ. ನಮ್ಮ ಕಡೆಯ ಬೇಸಿಗೆಯಲ್ಲಿ ಎಪಾಕ್ಸಿ ಡಬ್ಬಿಯಲ್ಲೇ ಬಿಸಿಯೇರಿ ಗಟ್ಟಿಯಾಗುತ್ತದೆ. ಆದ್ದರಿಂದ ಬೆಳಗಿನ ಜಾವ ಸ್ವಲ್ಪ ಸ್ವಲ್ಪವೇ ಕಲಸಿ, ಅಗಲವಾದ ತಟ್ಟೆಯಲ್ಲಿ ಹರಡಿಕೊಂಡು ಕೆಲಸ ಮಾಡಿದೆ. ಬೋಲ್ಟ್ ರಂಧ್ರಗಳನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಒಣಗಿದ ಮೇಲೆ ಅದರ ನಡುವೆಯೇ ಮತ್ತೆ ಕೊರೆದಿರುವುದರಿಂದ ನೀರು ಇನ್ನು ಮರವನ್ನು ಮುಟ್ಟದು.

ಟೂ ಸ್ಟ್ರೋಕ್ ಎಂಜಿನ್ನಿನ ಕಾರ್ಬ್ಯುರೇಟರ್ ತೊಳೆದು, ಎಂಜಿನ್ ತಂಪಾಗಿಸುವ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ಬದಲಿಸಿ ನೀರಿನ ಡ್ರಮ್ಮಿನಲ್ಲಿ ಓಡಿಸಿದಾಗ ತಂಪಿನ ನೀರು ಧಾರೆಯಾಗಿ ಹೊರಬಂತು. ಕಾರಂಜಾ ಜಲಾಶಯಕ್ಕೆ ಇಳಿಸುವ ಮುನ್ನ ಅನುಮತಿ ಹಾಗೂ ನೋಂದಣಿಯ ಕೆಲಸ ಬಾಕಿಯಿದೆ.