‘ಊಟದ ನಳಿ’ ಅಂದರೆ ನಿಮಗೆ ಯಾವುದು ನೆನಪಾಗುತ್ತದೆ?

ಗೆಳೆಯರೇ, ಒಂದು ಪದ ಬೇಕಾಗಿದೆ. ಸ್ವಲ್ಪ ಅವಸರವೂ ಇದೆ.

ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ಸಿಸ್ಟರ್ ಆಗಿದ್ದವಳು ನಾನು. ಈಗ ರೋಗಿಗಳ ಮನೆಯವರಿಗೆ ಕೊಡಲು ಎರಡು ಪುಟದ ಕೈಪತ್ರ ಬರೆಯುತ್ತಿದ್ದೇನೆ. ಕರುಳು ಕೆಲಸ ಮಾಡದವರಿಗೆ ರಕ್ತನಾಳದಿಂದಲೇ ಆಹಾರ ಕೊಡುತ್ತಾರಲ್ಲ, ಅದರ ಬಗ್ಗೆ. ನಾವು ‘ಟಿಪಿಎನ್’ ಅಂತೇವೆ. ಮನೆಯವರು ‘ಸಲೈನ್’ ಅಂತಾರೆ. ತಕರಾರು ಇಲ್ಲಿಂದಲೇ ಶುರು.

ನಮ್ಮ ಕಡೆ ಬಾಟ್ಲಿಯಿಂದ ಹನಿಯುವುದೆಲ್ಲ ಸಲೈನೇ. “ಎರಡ್ ಸಲೈನ್ ಹಚ್ಚ್ಯಾರ್ರೀ, ಈಗ ಶಕ್ತಿ ಬಂದೈತಿ.” ಸಲೈನ್ ಬರೀ ಉಪ್ಪುನೀರು, ಅದರಲ್ಲಿ ಒಂದು ಕ್ಯಾಲರಿಯೂ ಇಲ್ಲ. ಶೇ. 5ರ ಗ್ಲುಕೋಸ್ ಒಂದು ಲೀಟರ್ ಇಳಿದರೂ ಸಿಗುವುದು ಸುಮಾರು 170 ಕ್ಯಾಲರಿ, ಹೆಚ್ಚೆಂದರೆ ಒಂದು ಜೋಳದ ರೊಟ್ಟಿಯಷ್ಟು. ಟಿಪಿಎನ್ ಚೀಲದಲ್ಲಿ ಸಕ್ಕರೆ, ಪ್ರೋಟೀನಿನ ಅಂಶ, ಕೊಬ್ಬು, ಲವಣ, ವಿಟಮಿನ್ ಎಲ್ಲ ಇರುತ್ತವೆ. ಅಷ್ಟು ಗಟ್ಟಿ ದ್ರವವನ್ನು ಕೈಯ ಸಣ್ಣ ನಾಳ ತಡೆಯುವುದಿಲ್ಲ, ಉರಿದು ಬಾತುಕೊಳ್ಳುತ್ತದೆ. ಅದಕ್ಕೇ ಕುತ್ತಿಗೆಯಿಂದಲೋ, ಕಾಲರ್ ಎಲುಬಿನ ಕೆಳಗಿಂದಲೋ, ತೋಳಿನಿಂದಲೋ ಉದ್ದ ನಳಿ ತೂರಿಸಿ, ತುದಿಯನ್ನು ಹೃದಯದ ಹತ್ತಿರದ ದೊಡ್ಡ ನಾಳಕ್ಕೆ ಮುಟ್ಟಿಸುತ್ತಾರೆ.

ಆ ನಳಿಗೆ ನಾನು ಮೊದಲು ಇಟ್ಟ ಹೆಸರು ‘ಊಟದ ನಳಿ’. ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನಿಸಿತ್ತು. ವಾರ್ಡಿನಲ್ಲಿ ಗಂಡನ ಪಕ್ಕ ಕೂತಿದ್ದ ಒಬ್ಬ ಅಜ್ಜಿಗೆ ಓದಿ ಹೇಳಿದೆ. ಅವರು ತಟ್ಟನೆ, “ಗೊತ್ತೈತಿ ಬಿಡವಾ, ಮೂಗಿನ್ಯಾಗ ಹಾಕಿ ಗಂಜಿ ಬಿಡ್ತಾರಲ್ಲ, ಅದು” ಅಂದರು. ನನಗೆ ಮೈ ಜುಂ ಅಂತು. ಹೊಟ್ಟೆಗೆ ಇಳಿಯುವ ಮೂಗಿನ ನಳಿ ಬೇರೆ, ರಕ್ತಕ್ಕೆ ಇಳಿಯುವ ಈ ನಳಿ ಬೇರೆ. ಅದರಲ್ಲೂ ಕೊಬ್ಬು ಬೆರೆತ ಚೀಲ ಥೇಟ್ ಹಾಲಿನ ಹಾಗೇ ಕಾಣುತ್ತದೆ. ಹೆಸರು ನಂಬಿ ಯಾರಾದರೂ ಇದಕ್ಕೆ ಗಂಜಿ ಬಿಟ್ಟರೆ ಜೀವವೇ ಹೋದೀತು. ಆ ಹಾಳೆ ಅಲ್ಲೇ ಹರಿದೆ.

ಇನ್ನು ರಕ್ತನಾಳಕ್ಕೆ ‘ನರ’ ಅನ್ನೋ ಮಾತು. “ನರ ಸಿಗವಲ್ದು” ಅಂತ ನಾವೇ ದಿನಾ ಅಂತೇವೆ. ಆದರೆ ನರದೌರ್ಬಲ್ಯದ ನರ ಬೇರೆ ಇದೆಯಲ್ಲ! ‘ಅಭಿಧಮನಿ’ ಬರೆದರೆ ಓದುವವರು ಯಾರು? ಇಲ್ಲಿನ ಮರಾಠಿ ಮಂದಿ ‘ಶೀರ’ ಅಂತಾರೆ, ನಮ್ಮಲ್ಲೂ ‘ಸಿರೆ’ ಇದೆ. ಅಚ್ಚಿನವನು ಒಂದು ದೀರ್ಘ ಹಾಕಿದರೆ ಮುಗೀತು, ಸೀರೆಗೆ ಸೂಜಿ ಚುಚ್ಚಿದ ಹಾಗಾಗುತ್ತದೆ.

ತಿಂಗಳುಗಟ್ಟಲೆ ಬೇಕಾದವರಿಗೆ ನಳಿಯನ್ನು ಚರ್ಮದ ಕೆಳಗೆ ಸ್ವಲ್ಪ ದೂರ ಸಾಗಿಸಿ ಹೊರತೆಗೆಯುತ್ತಾರೆ. ಚರ್ಮದ ಮೇಲಿನ ರೋಗಾಣು ರಕ್ತದವರೆಗೆ ಸುಲಭವಾಗಿ ನಡೆದು ಹೋಗಬಾರದು ಅಂತ. ಇದಕ್ಕೆ ‘ಸುರಂಗ ನಳಿ’ ಅನ್ನೋದನ್ನು ಒಂದು ಕಡೆ ಓದಿದೆ. ಎದೆಯಲ್ಲಿ ಸುರಂಗ ಕೊರೀತಾರೆ ಅಂದರೆ ಯಾರು ಸಹಿ ಹಾಕ್ತಾರೆ? ಲಂಗಕ್ಕೆ ಲಾಡಿ ಪೋಣಿಸಿದ ಹಾಗೆ ಅಂತ ಬರೆದಿದ್ದೇನೆ. ‘ಪೋಣಿಸಿದ ನಳಿ’ ನಡೆಯುತ್ತಾ?

ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ಸೋಂಕು’. ಕೊರೋನಾ ಬಂದು ಹೋದ ಮೇಲೆ ಈ ಮಾತು ಕೇಳಿದರೆ ಮನೆಯವರು ರೋಗಿಯಿಂದ ದೂರ ಸರಿದು ನಿಲ್ಲುತ್ತಾರೆ. ‘ನಂಜು’ ಅಂದರೆ ಕೀವು ಹುಡುಕುತ್ತಾರೆ. ಈ ನಳಿಯ ನಂಜಿಗೆ ಎಷ್ಟೋ ಸಲ ಕೀವೂ ಇಲ್ಲ, ಕೆಂಪೂ ಇಲ್ಲ. ಮೇಲೆ ಪಟ್ಟಿ ಸ್ವಚ್ಛವಾಗಿರುತ್ತದೆ, ಚೀಲ ಹಚ್ಚಿದ ಸ್ವಲ್ಪ ಹೊತ್ತಿಗೆ ಗಡಗಡ ನಡುಕ, ಚಳಿಜ್ವರ. ಸಕ್ಕರೆ, ಕೊಬ್ಬು ಇದ್ದಲ್ಲಿ ರೋಗಾಣುಗಳಿಗೂ ಹಬ್ಬ ತಾನೇ. ತೊಡೆಸಂದಿಯಲ್ಲಿ ಹಾಕಿದ ನಳಿಗೆ ಈ ಭಯ ಜಾಸ್ತಿ. ಕಾಲರ್ ಎಲುಬಿನ ಕೆಳಗೆ ಹಾಕಿದ್ದಕ್ಕೆ ಕಡಿಮೆ, ಆದರೆ ಅಲ್ಲಿ ಸೂಜಿ ಶ್ವಾಸಕೋಶಕ್ಕೆ ತಾಗುವ ಅಪಾಯ ಇದೆ.

ಒಂದು ಮಾತು ಮಾತ್ರ ಖುಷಿ ಕೊಟ್ಟಿತು. ಹಳೇ ಕನ್ನಡದಲ್ಲಿ ಸೋಂಕು ಅಂದರೆ ಮುಟ್ಟು, ತಾಗು. ಇಲ್ಲಿ ಆಗುವುದೂ ಅದೇ. ನಳಿಯ ಮೂತಿಯನ್ನು ತೊಳೆಯದ ಕೈ ಸೋಂಕುತ್ತದೆ, ರೋಗಾಣು ಒಳಗೆ ಹೋಗುತ್ತದೆ. ಕೈ ತೊಳೆದು, ಮೂತಿಯನ್ನು ಸ್ಪಿರಿಟ್ಟಿನಿಂದ ತಿಕ್ಕಿ, ಆರಲು ಬಿಟ್ಟು, ಆಮೇಲೆ ಚೀಲ ಜೋಡಿಸಬೇಕು. ಆ ಆರಲು ಬಿಡುವ ಹೊತ್ತನ್ನೇ ಎಲ್ಲರೂ ನುಂಗಿಬಿಡುತ್ತಾರೆ. ನಾನೂ ನುಂಗಿದ್ದೇನೆ, ರಾತ್ರಿ ಪಾಳಿಯಲ್ಲಿ.

ಬೇರೆ ಪದ ಸಿಗದೆ ಸದ್ಯಕ್ಕೆ ‘ನರ’ವನ್ನೇ ಉಳಿಸಿಕೊಂಡು, ಚೀಲಕ್ಕೆ ‘ನರದ ಆಹಾರ’, ನಳಿಗೆ ‘ದೊಡ್ಡ ನರದ ನಳಿ’ ಅಂತ ಇಟ್ಟಿದ್ದೇನೆ. ‘ಎದೆ ನಳಿ’ ಸೂಚಿಸಬೇಡಿ, ಶ್ವಾಸಕೋಶದ ಸುತ್ತ ತುಂಬಿದ ನೀರು ತೆಗೆಯುವ ನಳಿ ಆಗಲೇ ಆ ಹೆಸರು ಹಿಡಿದುಕೊಂಡಿದೆ. ಬಾಗಲಕೋಟೆ, ವಿಜಯಪುರದ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ನೋಡಿ. ‘ದೊಡ್ಡ ನರದ ನಳಿ’ ಅಂದರೆ ಅವರು ಮೂಗು ತೋರಿಸುತ್ತಾರೋ, ಕುತ್ತಿಗೆ ತೋರಿಸುತ್ತಾರೋ ಅಷ್ಟು ಬರೆದರೆ ಸಾಕು.